ಅರವತ್ತೊಂದರ ಕಾರ್ಡು

ಹಿರಿಯರಿಗೆ ಎಡೆಯಿಡುವ ಪಕ್ಷದ ಹಬ್ಬಕ್ಕೆ ಇನ್ನೊಂದು ವಾರವಿದೆ ಎನ್ನುವಾಗ ಮುನಿಯಮ್ಮ ಬಂಗಾರಪೇಟೆಯ ಅಂಗಡಿಗೆ ಬಂದಳು.

ಸ್ಟೇಷನ್ ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯಲ್ಲಿ, ಕಡಲೆಪುರಿ ಭಟ್ಟಿಗೆ ಗೋಡೆ ತಾಗಿಸಿಕೊಂಡು, ತಗಡಿನ ಶೀಟು ಹೊದಿಸಿದ ಒಂದೇ ಕೋಣೆಯ ಅಂಗಡಿ ಅದು. ಬಾಗಿಲ ಮೇಲೆ ‘ಕಂಪ್ಯೂಟರ್ ರಿಪೇರಿ’ ಎಂದು ಬರೆದ ಹಲಗೆ, ಅದರ ಕೆಳಗೆ ಎರಡು ಹೆಸರು: ಅಂಬರೀಶ್, ಚಲಪತಿ. ಮುನಿಯಮ್ಮನಿಗೆ ಓದು ಬಾರದು. ಆದರೂ ಎರಡನೆಯದು ತನ್ನ ಮಗನ ಹೆಸರು ಎಂದು ಯಾರೋ ಒಮ್ಮೆ ತೋರಿಸಿದ್ದರು. ಅಂದಿನಿಂದ ಬಂದಾಗಲೆಲ್ಲ ತಲೆಯೆತ್ತಿ ಅದನ್ನೊಮ್ಮೆ ನೋಡಿಯೇ ಒಳಗೆ ಕಾಲಿಡುತ್ತಿದ್ದಳು. ಮಗ ತೀರಿಕೊಂಡ ಮೇಲೂ ಆ ರೂಢಿ ಬಿಟ್ಟಿರಲಿಲ್ಲ.

ಅಂಬರೀಶ್ ಯಾರದೋ ಲ್ಯಾಪ್‌ಟಾಪಿನ ತಳ ಬಿಚ್ಚಿಕೊಂಡು ಕೂತಿದ್ದ. ಅವಳನ್ನು ಕಂಡು ಎದ್ದು ಕುರ್ಚಿ ಕೊಟ್ಟ. ಅವಳು ಕುರ್ಚಿಗೆ ಕೂರಲಿಲ್ಲ, ಹೊಸ್ತಿಲ ಮೇಲೆ ಕೂತಳು.

“ಅಂಬರೀಸಪ್ಪಾ, ಅಬ್ಬಕ್ಕೆ ಎಡೆ ಇಕ್ತೀವಿ. ಅವ್ನಿಗೆ ಮೊದಲ್ನೇ ಎಡೆ.”

“ಬತ್ತೀನಮ್ಮಾ. ನೀವು ಏಳ್ಬೇಕಾ ನಂಗೆ?”

“ನೀನ್ ಬರೋದು ಇದ್ದದ್ದೇಯ. ಅದಕ್ಕಲ್ಲ ಬಂದಿದ್ದು.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ನಮ್ಮತ್ತೆಗೆ ಎಲೆ ಅಡಿಕೆ ಇಕ್ತೀವಿ. ನಮ್ಮಾವಂಗೆ ಬೀಡಿ ಕಟ್ಟು, ಒಂದ್ ಕಾಲ್ ಬಾಟ್ಲಿ. ಇಷ್ಟವಾದದ್ದು ಕಣ್ಮುಂದೆ ಇದ್ರೆ ತಾನೇ ಅವ್ರು ಬಂದು ಉಣ್ಣೋದು? ಇವನು ಸೇದ್ತಿದ್ನಾ, ಕುಡೀತಿದ್ನಾ? ಇವ್ನಿಗ್ ಇದ್ದ ಚಟ ಅದೊಂದೇ, ಆ ಕರೆಂಟಿನ ಪೆಟ್ಟಿಗೆ. ಎಡೆ ಇಕ್ಕೋ ಒತ್ತಿಗೆ ಅದು ಓಡ್ತಾ ಇರ್ಬೇಕು ಕಣಪ್ಪಾ.”

ಅಂಬರೀಶ್ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ.

“ನಮ್ ಮಗ್ಳು ಮಧು ಮೊನ್ನೆ ಅದನ್ನ ಅಚ್ಚಕ್ ಓದ್ಳು. ಕುಯ್ಯೋ ಅಂತ ಅತ್ತು ಸುಮ್ನಾಯ್ತು. ನೀನ್ ಒಂಚೂರು ನೋಡು. ಅವ್ನು ಗೋಡೆ ಆಚೀಗ್ ಕೂತು ಅದನ್ನ ಓಡಿಸ್ತಿದ್ರೆ ಟಕಟಕ ಟಕಟಕ ಅಂತ ಒಂದ್ ಸದ್ದು ಬರ್ತಿತ್ತು. ಆ ಸದ್ದಿಗೇ ನಂಗ್ ನಿದ್ದೆ ಅತ್ತೋದು. ನಿಂತ್ರೆ ಎಚ್ಚರ ಆಗೋದು. ಈಗ ನಿಂತೇ ಓಗೈತೆ ನೋಡು.”

“ಓಡ್ತದೆ ಅಮ್ಮಾ. ಓಡಿಸ್ತೀನಿ ನಾನು” ಎಂದ ಅಂಬರೀಶ್.

ಮಾತು ಕೊಟ್ಟಿದ್ದು ಹೀಗೆ.

ಮಾರನೆಯ ದಿನ ಬೂದಿಕೋಟೆ ದಾರಿಯಲ್ಲಿರುವ ಅವರ ಹಳ್ಳಿಗೆ ಹೋದ. ಚಲಪತಿಯ ತಂಗಿ ಮಧುಶ್ರೀ ಪೆಟ್ಟಿಗೆಯನ್ನು ಒರೆಸಿ, ವೈರುಗಳನ್ನು ಸುತ್ತಿ, ಜಗಲಿಯ ಮೇಲೆ ತಂದಿಟ್ಟಳು.

“ಒಳಕ್ ಬಾ ಅಣ್ಣಾ. ಅವ್ನ್ ರೂಮು ಇದ್ದಂಗೇ ಐತೆ. ಒಂದ್ಸಲ ನೋಡಾದ್ರೂ ಓಗು.”

“ಇಲ್ಲ ಮಧು, ಅಂಗಡಿ ತೆಗ್ದಿಟ್ಟು ಬಂದಿವ್ನಿ.”

ಅಂಗಡಿಗೆ ಅವನು ಬೀಗ ಹಾಕಿಯೇ ಬಂದಿದ್ದ. ಆ ಕೋಣೆಯೊಳಗೆ ಹೋಗುವ ಧೈರ್ಯ ಅವನಿಗೆ ಇರಲಿಲ್ಲ, ಅಷ್ಟೇ. ಮಣ್ಣು ಮಾಡಿದ ದಿನದಿಂದ ಜಗಲಿ ದಾಟಿ ಆ ಮನೆಯ ಒಳಗೆ ಅವನು ಹೋಗಿರಲಿಲ್ಲ. ಪೆಟ್ಟಿಗೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡು, ಗುಂಡಿ ಬಂದಲ್ಲೆಲ್ಲ ನಿಧಾನ ಮಾಡುತ್ತ, ಮಗುವನ್ನು ಕೂರಿಸಿಕೊಂಡವನ ಹಾಗೆ ವಾಪಸು ಬಂದ.

ಆ ಪೆಟ್ಟಿಗೆಯೊಳಗೆ ಒಂದು ಕಾರ್ಡು ಇತ್ತು. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು. ಅದರದೇ ಒಂದು ಜೋಡಿ ಅಂಬರೀಶನ ಮನೆಯ ಕಂಪ್ಯೂಟರಿನಲ್ಲಿತ್ತು. ರಾಬರ್ಟ್‌ಸನ್‌ಪೇಟೆಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಸ್ಟುಡಿಯೋ ಒಂದು ಮುಚ್ಚಿದಾಗ ಇಬ್ಬರೂ ಸೇರಿ ತಂದ ಹಳೆಯ ಮಾಲು. ಒಂದೇ ಕಂಪನಿ, ಒಂದೇ ಮಾದರಿ, ಅಕ್ಕಪಕ್ಕದ ನಂಬರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೆತ್ತವಳಿಗೂ ಯಾವುದು ಯಾವುದೆಂದು ತಿಳಿಯದು. ಆದರೆ ಆ ಕಾಲದ ಕಾರ್ಡುಗಳ ಹೊಟ್ಟೆಯಲ್ಲಿ ಕಾರ್ಖಾನೆಯವರು ಬರೆದಿಟ್ಟ ಒಂದು ಅಂಕಿ ಇರುತ್ತಿತ್ತು. ಒಂದು ಸಣ್ಣ ಪ್ರೋಗ್ರಾಂ ತೆರೆದರೆ ಪುಟ್ಟ ಕಿಟಕಿಯಲ್ಲಿ ಅದು ಕಾಣುತ್ತಿತ್ತು: ಈ ಚಿಪ್‌ನ ಗುಣಮಟ್ಟ ನೂರಕ್ಕೆ ಇಷ್ಟು. ಈಗಿನ ಕಾರ್ಡುಗಳಲ್ಲಿ ಅದನ್ನು ತೋರಿಸುವುದಿಲ್ಲ.

ಒಂದು ಕಾರ್ಡು ಎಂಬತ್ತನಾಲ್ಕು ಚಿಲ್ಲರೆ ತೋರಿಸಿತು. ಇನ್ನೊಂದು ಅರವತ್ತೊಂದು ಚಿಲ್ಲರೆ.

“ನೋಡ್ಲಾ, ಒಂದು ಫಸ್ಟ್ ಕ್ಲಾಸು, ಒಂದು ಜಸ್ಟ್ ಪಾಸು” ಎಂದಿದ್ದ ಅಂಬರೀಶ್.

ಅವನ ಕಣ್ಣು ಎಲ್ಲಿದೆ ಎಂದು ಚಲಪತಿಗೆ ಗೊತ್ತಾಗಿತ್ತು. ಎಂಬತ್ತನಾಲ್ಕರ ಕಾರ್ಡನ್ನು ಎತ್ತಿ ಅವನ ಮಡಿಲಿಗೆ ಹಾಕಿದ್ದ. “ತಗೋ. ನಿಂಗ್ ಅಂಕಿ ಇಲ್ದಿದ್ರೆ ನಿದ್ದೆ ಬರಲ್ಲ. ನಂಗ್ ಅರವತ್ತೊಂದೇ ಸಾಕು.”

ಅಂದಿನಿಂದ ಅದೇ ಅವರ ಹೆಸರಾಯಿತು. ಫೋನೆತ್ತಿದರೆ “ಏನ್ಲಾ ಎಂಬತ್ನಾಕು?” ಎನ್ನುವವನು ಚಲಪತಿ, “ಏಳ್ಲಾ ಅರವತ್ತೊಂದು” ಎನ್ನುವವನು ಅಂಬರೀಶ್. ಪಕ್ಕದ ಭಟ್ಟಿಯವನು ಇದೇನೋ ಲಾಟರಿ ಲೆಕ್ಕವೆಂದೇ ತಿಳಿದಿದ್ದ. ಗೊತ್ತಿದ್ದವಳು ಮಧುಶ್ರೀ ಒಬ್ಬಳೇ.

ಕಂಪನಿಯವರು ಇಟ್ಟ ವೇಗಕ್ಕಿಂತ ಮೇಲಕ್ಕೆ ಕಾರ್ಡನ್ನು ಓಡಿಸುವುದು ಇಬ್ಬರ ಹುಚ್ಚು. ಸ್ವಲ್ಪ ಸ್ವಲ್ಪವೇ ವೇಗ ಏರಿಸಬೇಕು, ಅದಕ್ಕೆ ತಕ್ಕಂತೆ ಕರೆಂಟು ಕೊಡಬೇಕು, ಕರೆಂಟು ಏರಿದಂತೆ ಏರುವ ಬಿಸಿಯನ್ನು ಹೊರಗೆ ಹಾಕಬೇಕು. ಹೆಚ್ಚು ಅಂಕಿಯ ಚಿಪ್ ಮೇಲಕ್ಕೆ ಹೋಗುತ್ತದೆ, ಕಡಿಮೆ ಅಂಕಿಯದು ಬೇಗ ಬೆವರುತ್ತದೆ ಎಂಬುದು ಅಂಬರೀಶನ ವಾದ. ಇಂಟರ್‌ನೆಟ್ಟಿನ ಅರ್ಧ ಲೋಕ ಅದನ್ನೇ ಹೇಳುತ್ತಿತ್ತು. ಇನ್ನರ್ಧ ಲೋಕ, ಕಡಿಮೆ ಅಂಕಿಯ ಚಿಪ್ ಕರೆಂಟು ಜಾಸ್ತಿ ಕುಡಿಯುತ್ತದೆ ನಿಜ, ಆದರೆ ಎಷ್ಟು ಕೊಟ್ಟರೂ ತಡೆಯುತ್ತದೆ ಎನ್ನುತ್ತಿತ್ತು. ಚಲಪತಿ ಎರಡನ್ನೂ ನಂಬುತ್ತಿರಲಿಲ್ಲ.

“ಅಂಕಿ ಏನ್ ಮಾಡ್ತದ್ಲಾ? ಗಾಳಿ ಎಂಗ್ ಆಡ್ತದೆ ಅದನ್ನ ನೋಡು” ಎನ್ನುತ್ತಿದ್ದ.

ಒಮ್ಮೆ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ ಅಂಬರೀಶನ ಮನೆಯಲ್ಲಿ ಕೂತು ಇದೇ ಜಗಳ ಆಡುತ್ತಿದ್ದರು. ಗಣಿ ಕಾರ್ಮಿಕರಿಗೆಂದು ಕಟ್ಟಿದ ಸಾಲುಮನೆ. ಅಂಬರೀಶನ ಅಪ್ಪ ಕುಪ್ಪುಸ್ವಾಮಿ ಗಣಿಯ ತಳದಲ್ಲಿ ಕೆಲಸ ಮಾಡಿ ಬಂದವನು. ಬಾಗಿಲ ಬಳಿ ಗೋಡೆಗೆ ದಿಂಬು ಕೊಟ್ಟುಕೊಂಡು, ಉಸಿರನ್ನು ಸಣ್ಣ ಸಣ್ಣ ಗುಟುಕಾಗಿ ಎಳೆಯುತ್ತ ಕೂತಿದ್ದ. ಚಲಪತಿ ಅವನ ಕಡೆ ತಿರುಗಿದ.

“ಮಾಮಾ, ನಿಮ್ಮುನ್ನ ಕೆಲ್ಸಕ್ ಸೇರಿಸ್ಕೊಂಡಾಗ ಎದೆ ಅಳತೆ ತಗೊಂಡ್ರಲ್ಲ, ಎಷ್ಟು ಬಂತು?”

“ಮೂವತ್ತಾರು!” ತಮಿಳು ಬೆರೆತ ಮಾತಿನ ಕುಪ್ಪುಸ್ವಾಮಿಯ ಮುಖ ಅರಳಿತು. “ಕಾಂಪೌಂಡರು ಟೇಪ್ ಇಡ್ದು, ಫಸ್ಟ್ ಗ್ರೇಡ್ ಅಂದ. ನಿಮ್ಮಪ್ಪಂಗೆ ಮೂವತ್ತೆರಡು. ಪಾವಂ, ಮೈಸೂರು ಮೈನ್ಸ್‌ನಾಗೆ ಮ್ಯಾಲೇನೇ ಟ್ರಾಲಿ ತಳ್ಳಾಕ್ ಬಿಟ್ರು.”

“ಫಸ್ಟ್ ಗ್ರೇಡ್ ಅಂತ ನಿಮ್ಮುನ್ನ ಎಲ್ಲಿಗ್ ಕಳ್ಸಿದ್ರು?”

“ತಳಕ್ಕೆ. ಬಂಡೆ ಮುಟ್ಟಿದ್ರೆ ದೋಸೆ ಕಾವಲಿ ಡಾ ಅದು.”

“ಈಗ ಯಾರ್‌ತಾವ ಉಸಿರೈತೆ, ನಿಮ್ತಾವಾನಾ, ನಮ್ಮಪ್ಪನ್ತಾವಾನಾ?”

ಅಂಬರೀಶ್ ಅವನ ಬೆನ್ನಿಗೆ ಒಂದು ಗುದ್ದಿದ. ಆದರೆ ಕುಪ್ಪುಸ್ವಾಮಿಗೆ ಬೇಸರವಾಗಲಿಲ್ಲ. ನಕ್ಕ, ನಕ್ಕು ಕೆಮ್ಮಿದ, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದ ಮೇಲೆ, “ಇವ್ನ್ ಏಳಾದ್ ಕರೆಕ್ಟ್ ಡಾ. ಒಳ್ಳೇ ಅಂಕಿ ಕೊಟ್ಟೇ ನನ್ನ ಮುಗಿಸಿದ್ದು” ಎಂದ.

ಜಗಳ ಅಲ್ಲಿಗೇನೂ ನಿಲ್ಲಲಿಲ್ಲ. ಅಂಬರೀಶನ ಎಂಬತ್ತನಾಲ್ಕರ ಕಾರ್ಡು ಸಾವಿರದ ನಾನೂರ ಎಪ್ಪತ್ತು ಮೆಗಾಹರ್ಟ್ಸ್ ವೇಗಕ್ಕೆ ಹೋಗಿ ನಿಂತಿತ್ತು. ಅದರಾಚೆ ಒಂದಡಿ ಇಟ್ಟರೂ ಪರದೆ ಹೆಪ್ಪುಗಟ್ಟುತ್ತಿತ್ತು. ಕಳೆದ ಕಾರ್ತೀಕ ಮಾಸದ ಚಳಿಯಲ್ಲಿ ಒಂದು ಬೆಳಿಗ್ಗೆ ಚಲಪತಿಯ ಫೋನು ಬಂತು.

“ಎಂಬತ್ನಾಕೂ, ನನ್ ಕಾರ್ಡು ಸಾವಿರದೈನೂರು ದಾಟ್ತು ಕಣ್ಲಾ.”

“ಓಗ್ಲಾ ಸುಳ್ಬುರ್ಕ.”

“ನಮ್ಮವ್ವನಾಣೆ.”

“ಅರವತ್ತೊಂದರ ಕಾರ್ಡು ಸಾವಿರದೈನೂರು ಓಡೋದಾದ್ರೆ ಅಂಗಡಿ ಬೋರ್ಡ್‌ನಾಗೆ ನನ್ನೆಸ್ರು ನಾನೇ ಅಳಿಸಾಕ್ತೀನಿ.”

“ಬಣ್ಣ ಕೆರೆಯೋಕೆ ಬ್ಲೇಡ್ ತಂದಿಟ್ಕೋ. ಭಾನ್ವಾರ ಬಾ, ತೋರಿಸ್ತೀನಿ.”

ಶನಿವಾರ ಸಂಜೆ ಬೇತಮಂಗಲದ ರಸ್ತೆಯಲ್ಲಿ ದೀಪವಿಲ್ಲದೆ ನಿಂತಿದ್ದ ಟ್ರಾಕ್ಟರಿಗೆ ಚಲಪತಿಯ ಬೈಕು ಹೊಡೆಯಿತು. ಭಾನುವಾರ ಅಂಬರೀಶ್ ಆ ಮನೆಗೆ ಹೋದ, ಮಣ್ಣು ಹಾಕುವುದಕ್ಕೆ.

ಚಲಪತಿಯೊಂದಿಗೆ ಆಡಿದ ಕೊನೆಯ ಮಾತುಗಳಲ್ಲಿ ಸುಳ್ಬುರ್ಕ ಎಂಬುದು ಮನಸ್ಸಿನಲ್ಲಿ ಉಳಿದುಬಿಟ್ಟಿತು. ಎಷ್ಟೋ ಸಾವಿರ ಸಲ ಒಬ್ಬರಿಗೊಬ್ಬರು ಬೈದುಕೊಂಡ ಮಾತೇ. ಮಾರನೆಯ ದಿನ ಇನ್ನೊಂದು ಬೈಗುಳ ಬಂದು ಅದನ್ನು ಒರೆಸಿ ಹಾಕುತ್ತಿತ್ತು. ಒರೆಸುವ ಆ ಮಾರನೆಯ ದಿನ ಬರಲಿಲ್ಲ.

ಈಗ ಅಂಗಡಿಯ ಮೇಜಿನ ಮೇಲೆ ಆ ಪೆಟ್ಟಿಗೆ.

ಬಿಚ್ಚಿ ನೋಡಿದರೆ ದೊಡ್ಡ ಕಾಯಿಲೆಯೇನೂ ಇರಲಿಲ್ಲ. ಮೆಮೊರಿ ಪಟ್ಟಿಯ ಕಾಲುಗಳಿಗೆ ಕಿಲುಬು ಹಿಡಿದಿತ್ತು. ರಬ್ಬರಿನಿಂದ ಉಜ್ಜಿ ಕೂರಿಸಿದ, ಸ್ವಿಚ್ಚು ಒತ್ತಿದ. ಒಂದು ಬೀಪು, ಪರದೆಯ ಮೇಲೆ ಬೆಳಕು. ಹಿಂದೆಯೇ ಶುರುವಾಯಿತು, ಟಕಟಕ ಟಕಟಕ. ಕಾರ್ಡಿನ ಫ್ಯಾನಿನ ಒಂದು ರೆಕ್ಕೆಯ ತುದಿ ಮುರಿದಿತ್ತು. ಮುನಿಯಮ್ಮ ಹೇಳಿದ ಸದ್ದು ಅದೇ. ಬೇರೆ ಫ್ಯಾನು ಹಾಕೋ ಎಂದರೆ ಚಲಪತಿ, “ಇರ್ಲಿ ಬಿಡ್ಲಾ, ನಮ್ಮವ್ವಂಗೆ ನಾನ್ ಮನೇಲಿವ್ನಿ ಅಂತ ಗೊತ್ತಾಗ್ತದೆ” ಎಂದಿದ್ದ.

ಅಲ್ಲಿಗೆ ಕೆಲಸ ಮುಗಿದಿತ್ತು. ಪೆಟ್ಟಿಗೆ ಮುಚ್ಚಿ ಕೊಟ್ಟು ಬಂದಿದ್ದರೆ ಆಗುತ್ತಿತ್ತು.

ಆದರೆ ವೇಗ ಏರಿಸುವ ಪ್ರೋಗ್ರಾಮಿನಲ್ಲಿ ಚಲಪತಿ ಉಳಿಸಿಟ್ಟುಹೋದ ಅಳತೆಗಳಿದ್ದವು. ಪ್ರತಿಯೊಂದಕ್ಕೂ ಒಂದು ಹೆಸರು. ‘ಮಾಮೂಲಿ’ ಎಂದು ಒಂದು, ‘ಗೇಮು’ ಎಂದು ಒಂದು. ಕೊನೆಯದಕ್ಕೆ ‘ಭಾನುವಾರ’ ಎಂದು ಹೆಸರಿಟ್ಟಿದ್ದ. ಅದರ ಎದುರಿಗೆ ಸಾವಿರದ ಐನೂರ ಮೂರು.

ಅಂಬರೀಶ್ ಆ ಹೆಸರನ್ನು ನೋಡುತ್ತ ಬಹಳ ಹೊತ್ತು ಕೂತಿದ್ದ. ನಡು ಮಧ್ಯಾಹ್ನ. ಉತ್ತರೆ ಮಳೆ ಕೈಕೊಟ್ಟ ವರ್ಷ, ಶೀಟಿನ ಮೇಲೆ ಬಿಸಿಲು ಸುರಿಯುತ್ತಿತ್ತು. ಪಕ್ಕದ ಭಟ್ಟಿಯಲ್ಲಿ ಮರಳು ಕಾದು ಪುರಿ ಚಟಪಟ ಅರಳುತ್ತಿತ್ತು, ನಡುವಿನ ಗೋಡೆ ಮುಟ್ಟಿದರೆ ಬೆಚ್ಚಗೆ. ಅವನಿಗೆ ಅದೊಂದೂ ಗಮನಕ್ಕೆ ಬರಲಿಲ್ಲ. ಭಾನುವಾರ ಬಾ ಎಂದಿದ್ದ. ಬಂದಿದ್ದೇನೆ, ತೋರಿಸು, ಅಂದುಕೊಂಡು ಒತ್ತಿದ.

ಪರೀಕ್ಷೆಯ ಚಿತ್ರ ಪರದೆಯ ಮೇಲೆ ತಿರುಗತೊಡಗಿತು. ಮೂಲೆಯಲ್ಲಿ ಅಂಕಿ ಏರಿತು. ಸಾವಿರದ ನಾನೂರು, ನಾನೂರ ಎಪ್ಪತ್ತು, ಐನೂರು. ಐನೂರ ಮೂರಕ್ಕೆ ಹೋಗಿ ಅಲ್ಲೇ ನಿಂತಿತು. ಅಲುಗಲಿಲ್ಲ.

“ಅಲೆಲೆಲೇ! ಅರವತ್ತೊಂದೂ!” ಎಂದು ಅಂಬರೀಶ್ ಕುರ್ಚಿಯಿಂದ ಎದ್ದೇ ಬಿಟ್ಟ. ಭಟ್ಟಿಯವನು ಆಚೆಯಿಂದ “ಏನಾಯ್ತಪ್ಪೋ?” ಎಂದು ಕೂಗಿದ. ಅಂಬರೀಶ್ ಒಬ್ಬನೇ ನಕ್ಕ. ಇಷ್ಟು ತಿಂಗಳಲ್ಲಿ ಮೊದಲ ಸಲ ಗೆಳೆಯ ಪಕ್ಕದಲ್ಲಿ ಬಂದು ನಿಂತು “ನೋಡ್ದೇನ್ಲಾ?” ಅಂದಹಾಗಿತ್ತು.

ಆಗ ಚಿತ್ರದ ಮೇಲೆ ಬಿಳಿಯ ಚುಕ್ಕೆಗಳು ಕಾಣಿಸಿದವು. ಎಳ್ಳು ಚೆಲ್ಲಿದ ಹಾಗೆ ಒಂದು, ಎರಡು, ಆಮೇಲೆ ಹಿಡಿಗಟ್ಟಲೆ.

ನಿಲ್ಲಿಸಬೇಕಿತ್ತು. ಅವನಿಗೆ ನಿಲ್ಲಿಸುವ ಮನಸ್ಸಾಗಲಿಲ್ಲ. ಈಗ ನಿಲ್ಲಿಸಿದರೆ ಚಲಪತಿ ಅರ್ಧ ಸುಳ್ಳನಾಗಿಯೇ ಉಳಿಯುತ್ತಾನೆ ಅನ್ನಿಸಿತು. ಕರೆಂಟು ಸಾಲದೇ ಹೀಗಾಗುತ್ತಿದೆ, ಅರವತ್ತೊಂದು ತಾನೇ, ಕಡಿಮೆ ಅಂಕಿಯದು ಎಷ್ಟು ಕೊಟ್ಟರೂ ತಡೆಯುತ್ತದೆ ಎಂದಿದ್ದರಲ್ಲ. ಚಲಪತಿ ಎಂದೂ ನಂಬದೆ ಇದ್ದ ಆ ಮಾತನ್ನು ನೆಚ್ಚಿಕೊಂಡು ಒಂದು ಮೆಟ್ಟಿಲು ಏರಿಸಿದ. ಚುಕ್ಕೆ ಕಡಿಮೆಯಾಯಿತು. ಧೈರ್ಯ ಬಂತು. ಇನ್ನೊಂದು ಏರಿಸಿದ.

ಮೊದಲು ಬಂದಿದ್ದು ವಾಸನೆ. ಪಕ್ಕದಲ್ಲಿ ಪುರಿ ಸೀದಿತೇನೋ ಅಂದುಕೊಂಡ. ಅಷ್ಟರಲ್ಲಿ ಪರದೆ ಕಪ್ಪಾಯಿತು.

ಫ್ಯಾನು ಮಾತ್ರ ತಿರುಗುತ್ತಲೇ ಇತ್ತು. ಟಕಟಕ ಟಕಟಕ.

ಆರಿಸಿ ಹಚ್ಚಿದ. ತಣ್ಣಗಾಗಲೆಂದು ಕಾದು ಹಚ್ಚಿದ. ಬೇರೆ ಯಂತ್ರಕ್ಕೆ ಹಾಕಿ ನೋಡಿದ. ಬಿಸಿಗಾಳಿ ಹಿಡಿದು ಬೆಸುಗೆ ಕಾಯಿಸಿ ನೋಡಿದ. ಗಿರಾಕಿಯೊಬ್ಬ ಬಂದು ಬಾಗಿಲಲ್ಲಿ ನಿಂತು, ಇವನ ಮುಖ ನೋಡಿ, ಏನೂ ಕೇಳದೆ ಹೊರಟುಹೋದ. ಸಂಜೆಯ ಹೊತ್ತಿಗೆ ಅಂಬರೀಶನಿಗೆ ಖಚಿತವಾಗಿತ್ತು. ಇಂಥ ಎಷ್ಟೋ ಕಾರ್ಡುಗಳನ್ನು ಕೈಯಲ್ಲಿ ಹಿಡಿದು, ಇದು ಓಗ್ಬಿಟ್ಟೈತೆ ಸಾರ್, ಬ್ಯಾರೆ ತಗೊಳ್ಳಿ ಎಂದು ಗಿರಾಕಿಗಳಿಗೆ ಅವನೇ ಹೇಳಿದ್ದ.

ಪೆಟ್ಟಿಗೆ ಹೊತ್ತುಕೊಂಡು ಮನೆಗೆ ಬಂದ ಮಗನನ್ನು ಕುಪ್ಪುಸ್ವಾಮಿ ಬಾಗಿಲಿನಿಂದಲೇ ನೋಡಿದ.

“ಎನ್ನ ಡಾ, ಮಖ ಇಂಗದೆ?”

ಅಂಬರೀಶ್ ನಡೆದದ್ದನ್ನು ಹೇಳಿದ. ಕುಪ್ಪುಸ್ವಾಮಿಗೆ ಅದರ ಒಳಗು ತಿಳಿಯದು. ಆದರೆ ಇದ್ದದ್ದೊಂದು ಹೋಯಿತು ಎಂಬುದು ತಿಳಿಯಿತು.

“ಆ ತಾಯಿ ತಾವ ಓಗಿ ಏಳ್ಬಿಡು ಕಣ್ಣಾ.”

“ಏನಂತ ಏಳ್ಲಿ ಅಪ್ಪಾ? ನಿಮ್ ಮಗನ್ನ ಎರಡ್ನೇ ಸಲ ಕೊಂದೆ ಅಂತಾನಾ?”

ಅಪ್ಪ ದಿಂಬು ಸರಿಮಾಡಿಕೊಂಡು ಗೋಡೆಗೆ ಒರಗಿದ. ಅವನ ಉಸಿರು ಒಳಗೆ ಹೋಗುವ, ಹೊರಗೆ ಬರುವ ಸದ್ದೊಂದೇ ಕೇಳುತ್ತಿತ್ತು.

ಹಬ್ಬದ ಹಿಂದಿನ ದಿನ ಅಂಬರೀಶ್ ತನ್ನ ಎಂಬತ್ತನಾಲ್ಕರ ಕಾರ್ಡನ್ನು ಬಿಚ್ಚಿ ತೆಗೆದ. ಎರಡೂ ಒಂದೇ ಮಾದರಿ, ಎರಡರ ಸ್ಕ್ರೂಗಳೂ ಒಂದೇ. ತನ್ನದರ ಒಳ್ಳೆಯ ಫ್ಯಾನನ್ನು ಕಳಚಿ, ಚಲಪತಿಯದರ ಮುರಿದ ರೆಕ್ಕೆಯ ಫ್ಯಾನನ್ನು ತಂದು ಕೂರಿಸಿದ. ಪೆಟ್ಟಿಗೆಗೆ ಹಾಕಿ ಸ್ವಿಚ್ಚು ಒತ್ತಿದ. ಟಕಟಕ ಟಕಟಕ.

“ಸದ್ದು ಅವ್ನ್ದು, ಒಳಗಿರೋದು ನಿಂದು. ಅಂಗಾ?” ಎಂದ ಕುಪ್ಪುಸ್ವಾಮಿ.

“ಅಂಗೇ ಅಪ್ಪಾ.”

ಸತ್ತ ಕಾರ್ಡನ್ನು ಒಂದು ಟವಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡ. ಯಾಕೆ ಎಂದು ಅವನಿಗೇ ಗೊತ್ತಿರಲಿಲ್ಲ. ಮನೆಯಲ್ಲಿ ಬಿಟ್ಟು ಹೋಗಲು ಕೈ ಬರಲಿಲ್ಲ.

ಹಬ್ಬದ ದಿನ ಹೊತ್ತು ಇಳಿಯುವಾಗ ಹಳ್ಳಿಗೆ ಬಂದ. ಎಡೆ ಇಡುವುದು ಚಲಪತಿಯ ಕೋಣೆಯಲ್ಲೇ ಎಂದು ಗೊತ್ತಾದಾಗ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಪೆಟ್ಟಿಗೆ ಹಿಡಿದು ಹೊಸ್ತಿಲು ದಾಟಿದ. ಸಾರಿಸಿದ ನೆಲ, ಗೋಡೆಗೆ ಒರಗಿಸಿದ ಫೋಟೋ, ಮೂಲೆಯಲ್ಲಿ ಹಳೆಯ ಮೇಜು. ಮೇಜಿನ ಪಕ್ಕದ ಕಿಟಕಿಯಿಂದ ಕೆಳಕ್ಕೆ ಏನೋ ಇಳಿಬಿದ್ದಿತ್ತು. ಎಣ್ಣೆ ಟಿನ್ನುಗಳ ತಳ ಕತ್ತರಿಸಿ, ಒಂದರೊಳಗೊಂದು ತೂರಿಸಿ, ಸಂದಿಗೆ ಟೇಪು ಸುತ್ತಿ ಮಾಡಿದ ಕೊಳವೆ. ಅದರ ಒಂದು ಬಾಯಿ ಕಿಟಕಿಯ ಸರಳಿಗೆ ಕಟ್ಟಿತ್ತು, ಧೂಳು ಬಾರದಂತೆ ಹಳೆಯ ಸೀರೆಯ ತುಂಡು ಹೊದಿಸಿಕೊಂಡು. ಇನ್ನೊಂದು ಬಾಯಿ ಮೇಜಿನ ಮೇಲೆ, ಪೆಟ್ಟಿಗೆ ಇರಬೇಕಾದ ಜಾಗಕ್ಕೆ ಸರಿಯಾಗಿ ತೆರೆದುಕೊಂಡಿತ್ತು. ಕಿಟಕಿಯ ಆಚೆ ಬಾವಿ, ಬಾವಿಯ ಸುತ್ತ ಹೊಂಗೆ ಮರದ ನೆರಳು. ಅಂಬರೀಶ್ ಕೊಳವೆಯ ಬಾಯಿಗೆ ಕೈ ಒಡ್ಡಿದ. ತಣ್ಣನೆಯ ಗಾಳಿ ಬೆರಳು ಮುಟ್ಟಿತು.

ಚಲಪತಿಯ ಅಪ್ಪ ಮುನಿಸ್ವಾಮಪ್ಪ ಬಾಳೆ ಎಲೆ ಹಿಡಿದು ಒಳಗೆ ಬಂದ.

“ಅದಾ? ನಾನೇ ಕುಯ್ದು ಕೊಟ್ಟಿದ್ದು. ಮೈನ್ಸ್‌ನಾಗೆ ಕೆಳಕ್ಕೆ ಗಾಳಿ ಇಳಿಸ್ತಿದ್ರು ಅಂತ ಯಾವತ್ತೋ ಏಳಿದ್ದೆ. ಅಪ್ಪಾ ಅಂಗೇ ಒಂದ್ ಮಾಡ್ಕೊಡು ಅಂದ. ಇದು ಇಲ್ದಿದ್ರೆ ಅದು ಓಡ್ತಿರ್ಲಿಲ್ವಂತಲ್ಲ?” ಎಂದ. ಅವನ ಉಸಿರಿನಲ್ಲಿ ಎಲ್ಲೂ ತಡೆಯಿರಲಿಲ್ಲ. “ನಿಂಗ್ ಏಳಿರ್ಲಿಲ್ವಾ?”

“ತೋರಿಸ್ತೀನಿ ಅಂದಿದ್ದ” ಎಂದ ಅಂಬರೀಶ್.

ಮೊನ್ನೆ ಮಧು ಕರೆದಾಗ ಒಳಗೆ ಬಂದಿದ್ದರೆ ಇದು ಕಣ್ಣಿಗೆ ಬೀಳುತ್ತಿತ್ತು. ಬಾವಿಯ ಗಾಳಿ ಕುಡಿದು ಕಾರ್ತೀಕದ ಚಳಿಯಲ್ಲಿ ಓಡಿದ್ದನ್ನು ಅವನು ಕಾದ ಶೀಟಿನ ಕೆಳಗೆ, ಭಟ್ಟಿಯ ಗೋಡೆಯ ಪಕ್ಕ, ನಡು ಮಧ್ಯಾಹ್ನ ಓಡಿಸಿದ್ದ. ತಡೆಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಅಪ್ಪನನ್ನು ಗಣಿಗೆ ಇಳಿಸಿದ ಹಾಗೆ, ತಳಕ್ಕೆ ಇಳಿಸಿದ್ದ.

ಎಲೆ ಹಾಸಿ ಬಡಿಸಿದರು. ಮುದ್ದೆ, ಕುರಿ ಸಾರು, ಬೇಯಿಸಿದ ಮೊಟ್ಟೆ, ಮಡಿಕೆ ಬಿಚ್ಚದ ಹೊಸ ಅಂಗಿ. ಎಲೆಯ ಪಕ್ಕದಲ್ಲಿ ಪೆಟ್ಟಿಗೆ. ಅಂಬರೀಶ್ ವೈರು ಕೂಡಿಸಿ ಸ್ವಿಚ್ಚು ಒತ್ತಿದ. ಬೆಳಕು ಬಂತು, ಸದ್ದು ಬಂತು.

ಮುನಿಯಮ್ಮ ಸಾರಿನ ಸೌಟು ಹಿಡಿದಂತೆಯೇ ನಿಂತುಬಿಟ್ಟಳು. ಮೆಲ್ಲಗೆ ಗೋಡೆ ಹಿಡಿದು ಕೆಳಗೆ ಕೂತಳು. ಅಳಲಿಲ್ಲ. “ಅದೇಯ” ಎಂದಳು. “ಅದೇ ಸದ್ದು. ಅಂಬರೀಸಪ್ಪಾ, ನಿನ್ ಒಟ್ಟೆ ತಣ್ಣಗಿರ್ಲಿ.”

ಅಂಬರೀಶ್ ನೆಲ ನೋಡುತ್ತ ನಿಂತಿದ್ದ.

“ಅಣ್ಣ ದಿನಾ ತೋರಿಸ್ತಿದ್ನಲ್ಲ, ಆ ಕಿಟಕಿನೂ ತೆಗ್ದಿಡ್ತೀನಿ. ಅವ್ನ್ ನಂಬ್ರ ಅವನ್ ಮುಂದಿರ್ಲಿ” ಎಂದು ಮಧುಶ್ರೀ ಮೌಸಿಗೆ ಕೈ ಹಾಕಿದಳು.

ಪುಟ್ಟ ಕಿಟಕಿ ತೆರೆಯಿತು. ಮಧುಶ್ರೀಯ ಕೈ ಮೌಸಿನ ಮೇಲೆ ಹಾಗೆಯೇ ನಿಂತಿತು. ಪರದೆಯ ಬೆಳಕು ಅವಳ ಮುಖದ ಮೇಲಿತ್ತು. ತಿರುಗಿ ಅಂಬರೀಶನನ್ನು ನೋಡಿದಳು, ತಾಯಿಯನ್ನು ನೋಡಿದಳು. ಆಮೇಲೆ ಆ ಕಿಟಕಿಯನ್ನು ಮುಚ್ಚಿದಳು.

“ಬರ್ತಿಲ್ಲ ಅವ್ವಾ. ಓಗ್ಲಿ ಬಿಡು” ಎಂದಳು.

ಧೂಪ ಹಾಕಿ, ಎಲ್ಲರೂ ಕೈಮುಗಿದು, ಬಾಗಿಲು ಮುಚ್ಚಿಕೊಂಡು ಹೊರಗೆ ಬಂದರು. ಎಡೆ ಇಟ್ಟ ಮೇಲೆ ಸ್ವಲ್ಪ ಹೊತ್ತು ಒಳಗೆ ಯಾರೂ ಇರಬಾರದು. ಹಿರಿಯರು ಬಂದು ಉಣ್ಣುವ ಹೊತ್ತು ಅದು. ಉಂಡು ಹೋಗುವವರು ಈ ಸಲ ಕಿರಿಯರು. ಮುನಿಯಮ್ಮ ಮುಚ್ಚಿದ ಬಾಗಿಲಿಗೆ ಕಿವಿ ಕೊಟ್ಟುಕೊಂಡು ಕೂತಳು. ಮಧುಶ್ರೀ ಜಗಲಿಯ ತುದಿಗೆ ಬಂದು ಅಂಬರೀಶನ ಪಕ್ಕ ನಿಂತಳು.

“ಅರವತ್ತೊಂದು ಎಲ್ಲಿ?”

ಅವನು ಬ್ಯಾಗಿನಿಂದ ಟವಲು ತೆಗೆದು ಅವಳ ಕೈಗೆ ಕೊಟ್ಟ. ಬಿಚ್ಚಿ ನೋಡಿದಳು. ಫ್ಯಾನಿಲ್ಲದ ಬೋಳು ಕಾರ್ಡು, ಒಂದು ಮೂಲೆಯಲ್ಲಿ ಕಂದು ಕಲೆ.

“ನಾನೇ ಸುಟ್ಟಾಕ್ದೆ ಮಧು. ಅಂಗಡೀಲಿ. ಬಿಸಿಲಾಗೆ.”

ಅವಳು ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಕಾರ್ಡಿನ ಮೇಲಿನ ಮಸಿಯನ್ನು ಟವಲಿನ ತುದಿಯಿಂದ ಒರೆಸಿದಳು.

“ಸಾವಿರದೈನೂರು ಓಡ್ತಾ?”

“ಓಡ್ತು. ಐನೂರ ಮೂರು. ಕಣ್ಣಾರ ನೋಡ್ದೆ.”

“ಅವ್ನು ಅಂದಿದ್ದ, ಭಾನ್ವಾರ ಎಂಬತ್ನಾಕರ ಮಖ ನೋಡ್ಬೇಕು ಕಣೇ ಮಧು ಅಂತ.” ಅವಳು ಕಾರ್ಡನ್ನು ಮತ್ತೆ ಅವನ ಕೈಗೆ ಕೊಟ್ಟಳು. “ಅಷ್ಟ್ ಕುಸಿಯಾಗಿದ್ದ ಅಣ್ಣಾ ಅವತ್ತು. ಬಾಗ್ಲು ತೆಗ್ದಾಗ ನೀನೇ ಮೊದ್ಲು ಒಳಕ್ ಓಗು. ನನ್ಗಲ್ಲ, ಅವ್ನಿಗ್ ಏಳು.”

ಮುನಿಸ್ವಾಮಪ್ಪ ಒಂದು ಸಲ ಕೆಮ್ಮಿ, ಕದ ತಟ್ಟಿ, ಬಾಗಿಲು ತೆಗೆದ. ಅಂಬರೀಶ್ ಒಳಗೆ ಹೋದ. ಧೂಪದ ಹೊಗೆ ಕಿಟಕಿಯ ಕಡೆಗೆ ಎಳೆದುಕೊಂಡು ಹೋಗುತ್ತಿತ್ತು. ಮುದ್ದೆ ಇಟ್ಟ ಹಾಗೆಯೇ ಇತ್ತು. ಅವನು ಕಾರ್ಡನ್ನು ಎಲೆಯ ಪಕ್ಕ, ಹೊಸ ಅಂಗಿಯ ಮೇಲೆ ಇಟ್ಟ.

“ನಿಜ ಕಣ್ಲಾ. ನೀನ್ ಏಳಿದ್ದು ನಿಜ” ಎಂದ. ಸುಳ್ಬುರ್ಕ ಅಂದಿದ್ದನ್ನು ವಾಪಸು ತಗೊಂಡೆ ಎನ್ನಬೇಕೆಂದಿದ್ದ. ಆದರೆ ಪೆಟ್ಟಿಗೆ ಟಕಟಕ ಎನ್ನುತ್ತಿತ್ತು, ಒಳಗೆ ಓಡುತ್ತಿದ್ದದ್ದು ಅಂಬರೀಶನದೇ ಕಾರ್ಡು.

“ಏನಪ್ಪಾ ಅದು?” ಮುನಿಯಮ್ಮ ಹಿಂದೆ ಬಂದು ನಿಂತಿದ್ದಳು.

“ಅವ್ನ್ದೇ ಅಮ್ಮಾ. ಹಳೇದು.”

“ಇರ್ಲಿ ಬಿಡು.” ಪೆಟ್ಟಿಗೆಯ ಸ್ವಿಚ್ಚಿನ ಕಡೆ ಹೋದ ಅವನ ಕೈಯನ್ನು ಅವಳು ಹಿಡಿದಳು. “ಆರಿಸ್ಬೇಡ ಕಣಪ್ಪಾ. ಇವತ್ತೊಂದಿನ ನಾನ್ ನಿದ್ದೆ ಮಾಡ್ತೀನಿ.”

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಕೊಳವೆಯ ಬಾಯನ್ನು ಪೆಟ್ಟಿಗೆಯ ಪಕ್ಕಕ್ಕೆ ಸರಿಯಾಗಿ ತಿರುಗಿಸಿಟ್ಟು ಹೊರಟ.

ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಸ್ಟೂಲು ಹಾಕಿಕೊಂಡು ಹತ್ತಿ, ಹಲಗೆಯ ಮೇಲಿನ ಮೊದಲ ಹೆಸರನ್ನು ಬ್ಲೇಡಿನಿಂದ ಕೆರೆದ. ಬಣ್ಣ ಹಳೆಯದಾಗಿತ್ತು, ಸುಲಭವಾಗಿ ಉದುರಿತು. ಭಟ್ಟಿಯವನು ಮರಳಿನ ಸೌಟು ಹಿಡಿದು ಹೊರಗೆ ಬಂದು ನೋಡಿದ.

“ಏನಪ್ಪೋ, ಸತ್ತೋನ್ ಎಸ್ರು ಬಿಟ್ಟು ಇರೋನ್ ಎಸ್ರು ಕೆರೀತಿದ್ದೀಯಲ್ಲ? ತಲೆಗಿಲೆ ಕೆಟ್ಟಿಲ್ಲ ತಾನೇ?”

“ಬಾಜಿ ಸೋತೆ ಅಣ್ಣಾ” ಎಂದು ಅಂಬರೀಶ್ ಸ್ಟೂಲಿನಿಂದ ಇಳಿದ.

ಮುನಿಯಮ್ಮ ಸಂತೆಗೆ ಬಂದಾಗ ಈಗಲೂ ಅಂಗಡಿಯ ಮುಂದೆ ನಿಂತು ತಲೆಯೆತ್ತುತ್ತಾಳೆ. ಎರಡಿದ್ದದ್ದು ಒಂದಾಗಿದೆ ಎಂದು ಅವಳಿಗೆ ಕಂಡಿರಬೇಕು. ಯಾವುದು ಉಳಿದಿದೆ ಎಂದೂ ತಿಳಿದಿರಬೇಕು, ಏನೂ ಕೇಳಿಲ್ಲ. ಹಲಗೆ ಓದಿಕೊಂಡು ಬರುವ ಹೊಸ ಗಿರಾಕಿಗಳು ಬಾಗಿಲಲ್ಲಿ ನಿಂತು “ಚಲಪತಿ ಅಣ್ಣಾ, ಇದೀರಾ?” ಎಂದು ಕೂಗುತ್ತಾರೆ. ಅಂಬರೀಶ್ ಅವರನ್ನು ತಿದ್ದುವುದಿಲ್ಲ. ಕೈಯಲ್ಲಿದ್ದ ಕೆಲಸ ಕೆಳಗಿಟ್ಟು, “ಬಂದೆ” ಎನ್ನುತ್ತಾನೆ.